ಕಡಲಿಗೆ ಸೆನ್ಸರ್, ಮ್ಯಾನ್‌ಹೋಲ್‌ಗೆ ಮನುಷ್ಯ

ಸಮುದ್ರದ ನೀರಿಗೆ ವಿಷ ಸೇರಿದೆಯಾ ಅಂತ ಕಂಡುಹಿಡಿಯೋಕೆ ಈಗ ಬಯೋಸೆನ್ಸರ್ ಬಂದಿವೆ. ಯಂತ್ರದ ಜೊತೆ ಒಂದು ಜೀವವನ್ನೋ ಜೀವದ ಅಂಶವನ್ನೋ ಸೇರಿಸಿ ಮಾಡಿದ ಸಾಧನ. ಪಾದರಸ ಸೋಕಿದರೆ ಬೆಳಗೋ ಹಾಗೆ ಮಾರ್ಪಡಿಸಿದ ಬ್ಯಾಕ್ಟೀರಿಯಾ ಇದೆ. ಕರಾವಳಿಯವರು ಪಚ್ಚಿಲೆ ಅಂತಾರಲ್ಲ, ಅಂಥ ಚಿಪ್ಪಿಗೆ ಪುಟ್ಟ ಸೆನ್ಸರ್ ಅಂಟಿಸ್ತಾರೆ. ನೀರು ಕೆಟ್ಟರೆ ಅದು ಚಿಪ್ಪು ಮುಚ್ಚಿಕೊಳ್ಳುತ್ತೆ, ಕಂಪ್ಯೂಟರ್ ಎಚ್ಚರಿಸುತ್ತೆ. ಅಮೆರಿಕ ಸರ್ಕಾರ 1986ರಿಂದ ತನ್ನ ಕರಾವಳಿಯ ಚಿಪ್ಪುಗಳನ್ನು ತೆಗೆದು, ಅವುಗಳ ಮೈಯಲ್ಲಿ ಎಷ್ಟು ವಿಷ ಸೇರಿದೆ ಅಂತ ಲೆಕ್ಕ ಇಡ್ತಾ ಬಂದಿದೆ.

ಒಳ್ಳೇದೇ. ಆದರೆ ಓದುವಾಗ ನನಗೆ ನೆನಪಾಗಿದ್ದು ಜಪಾನಿನ ಮಿನಮಾಟ.

ಅಲ್ಲಿ ಚಿಸ್ಸೊ ಕಾರ್ಖಾನೆ ಪಾದರಸದ ಕೊಳಕನ್ನು ಕೊಲ್ಲಿಗೆ ಬಿಡ್ತಿತ್ತು. ಮೀನು ತಿಂದ ಬೆಕ್ಕುಗಳು ಹುಚ್ಚೆದ್ದು ಕುಣಿದು ಸತ್ತವು. 1956ರಲ್ಲಿ ಮೀನುಗಾರರ ಕೇರಿಯ ಮಕ್ಕಳ ಕೈಕಾಲು ಸೆಟೆದು, ಮಾತು ನಿಂತಿತು. ಅಂಟುರೋಗ ಅಂತ ಊರು ಅವರನ್ನು ದೂರ ಇಟ್ಟಿತು. ಈ ದೂರ ಇಡೋದು ನಮಗೆ ಬಿಡಿಸಿ ಹೇಳಬೇಕಾ? 1959ರಲ್ಲಿ ಕಾರ್ಖಾನೆಯ ಆಸ್ಪತ್ರೆಯ ಡಾಕ್ಟರೇ ಬೆಕ್ಕಿಗೆ ಆ ತ್ಯಾಜ್ಯ ತಿನ್ನಿಸಿ ನೋಡಿದರು. ಅದಕ್ಕೂ ಅದೇ ರೋಗ ಬಂತು. ಕಂಪನಿ ಅದನ್ನು ಮುಚ್ಚಿಟ್ಟಿತು. ಸರ್ಕಾರ ಕಾರಣ ಒಪ್ಪಿಕೊಂಡಿದ್ದು 1968ರಲ್ಲಿ. ಅಂದ್ರೆ ಕೊರತೆ ಇದ್ದದ್ದು ಸೆನ್ಸರ್‌ದಲ್ಲ. ಬಡವರ ಮೈಯೇ ಹೇಳ್ತಿತ್ತು, ಕೇಳೋರು ಇರಲಿಲ್ಲ.

ನಮ್ಮಲ್ಲಿ? ಮ್ಯಾನ್‌ಹೋಲ್ ಒಳಗಿನ ವಿಷಗಾಳಿ ಅಳೆಯೋ ಮೀಟರ್ ಅಂಗಡೀಲೇ ಸಿಗುತ್ತೆ. ಆದರೂ ನಮ್ಮ ಹುಡುಗನನ್ನೇ ಇಳಿಸ್ತಾರೆ. ಅವನು ಮೇಲೆ ಬರದಿದ್ರೆ ಗ್ಯಾಸ್ ಇತ್ತು ಅಂತ ಗೊತ್ತಾಗುತ್ತೆ. ಮಲಹೊರುವ ಪದ್ಧತಿ ನಿಷೇಧ ಕಾಯ್ದೆ 2013ರದ್ದು. ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಅಂತ 2014ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿತು, ಇಳಿಸೋದು ನಿಂತಿಲ್ಲ.

"ವಿಜ್ಞಾನಕ್ಕೂ ಜಾತಿ ತರ್ತೀರಾ?" ಅಂತ ಕೇಳೋರಿಗೆ ಒಂದು ಮಾತು. ನಾನು ವಿಜ್ಞಾನದ ವಿರೋಧಿ ಅಲ್ಲ, ಬಾಬಾಸಾಹೇಬರನ್ನು ಓದಿದವನು ಹಾಗಾಗೋಕೆ ಸಾಧ್ಯವಿಲ್ಲ. ಸೆನ್ಸರ್ ಬರಲಿ. ಕಾರ್ಖಾನೆಯ ಪೈಪಿನ ಬಾಯಲ್ಲೇ ಕೂರಲಿ. ಅದರ ಅಂಕಿ ದಿನಾ ಕನ್ನಡದಲ್ಲಿ ಪಂಚಾಯ್ತಿ ಗೋಡೆ ಮೇಲೆ ಬರಲಿ. ಮಿತಿ ಮೀರಿದ ದಿನ ಪೈಪ್ ಮುಚ್ಚಿಸೋ ಅಧಿಕಾರ ಮೀನುಗಾರರೂ ಇರುವ ಸಮಿತಿಗೆ ಸಿಗಲಿ. ದಿನವಿಡೀ ಫೈಲ್ ನೋಡೋ ಗುಮಾಸ್ತ ನಾನು. ಕಡತದಲ್ಲೇ ಕೂತ ಅಂಕಿ ಏನಾಗುತ್ತೆ ಅಂತ ಚೆನ್ನಾಗಿ ಗೊತ್ತು.

ಚಿಪ್ಪಿನ ನೋವಿಗೆ ಅಲಾರಂ ಇಟ್ಟಿರೋ ಕಾಲ ಇದು. ನಮ್ಮ ಹುಡುಗರನ್ನು ಗುಂಡಿಗೆ ಇಳಿಸೋದು ಮೊದಲು ನಿಲ್ಲಲಿ.

ಜೈ ಭೀಮ್.