ಸ್ವಂತ ಕೊಬ್ಬಾದರೂ ಅಪಾಯವುಂಟು

ಕಿರುತೆರೆ ನಟಿ ಚೇತನಾ ರಾಜ್ 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ಬಳಿಕ ಮೃತಪಟ್ಟರು. ಸೌಂದರ್ಯ ಚಿಕಿತ್ಸೆಯ ಸುರಕ್ಷತೆ ಆಗ ಚರ್ಚೆಗೆ ಬಂದು, ಬಹುಬೇಗ ಮರೆಯಿತು. ಮುಖಕ್ಕೆ ಕೊಬ್ಬು ತುಂಬುವ ಚಿಕಿತ್ಸೆಯಲ್ಲೂ ಮೊದಲು ಹೊಟ್ಟೆ ಅಥವಾ ತೊಡೆಯಿಂದ ಕೊಬ್ಬು ತೆಗೆಯಬೇಕು. ಪ್ರಮಾಣ ಮಾತ್ರ ಅಲ್ಪ. 'ನಿಮ್ಮದೇ ಕೊಬ್ಬು, ಭಯವೇಕೆ?' ಎಂಬ ಭರವಸೆ ಅರ್ಧಸತ್ಯ.

ಸ್ವಂತ ಅಂಗಾಂಶವನ್ನು ದೇಹ ತಿರಸ್ಕರಿಸುವುದಿಲ್ಲ, ನಿಜ. ಜರ್ಮನಿಯ ಗುಸ್ತಾವ್ ನಾಯ್ಬರ್ 1893ರಲ್ಲೇ ಮುಖದ ಕಲೆಯ ತಗ್ಗು ತುಂಬಲು ಈ ವಿಧಾನ ಬಳಸಿದ್ದರು. ಸುಟ್ಟ ಕಲೆ, ಅಪಘಾತದ ಕುಳಿಗಳಿಗೆ ಇದು ಇಂದಿಗೂ ಉಪಕಾರಿ. ಆದರೆ ತುಂಬಿದ ಕೊಬ್ಬೆಲ್ಲ ಉಳಿಯದು. ರಕ್ತಸಂಚಾರ ದೊರೆಯದ ಭಾಗವನ್ನು ಕೆಲವೇ ತಿಂಗಳಲ್ಲಿ ದೇಹ ಹೀರಿಕೊಳ್ಳುತ್ತದೆ. ಎಷ್ಟು ಉಳಿದೀತೆಂದು ಮೊದಲೇ ನಿಖರವಾಗಿ ಹೇಳಲಾಗದು. ಹಲವರಿಗೆ ಮತ್ತೊಮ್ಮೆ ಚಿಕಿತ್ಸೆ ಬೇಕಾಗುತ್ತದೆ. ಹುಬ್ಬುಗಳ ನಡುವೆ ಚುಚ್ಚಿದ ಕೊಬ್ಬು ರಕ್ತನಾಳ ಹೊಕ್ಕರೆ ದೃಷ್ಟಿ ಹೋಗಬಹುದು, ಪಾರ್ಶ್ವವಾಯು ಬಡಿಯಬಹುದು. ಇದು ಅಪರೂಪ, ಆದರೆ ಹೀಗೆ ಹೋದ ದೃಷ್ಟಿ ಮರಳುವುದೂ ಅಪರೂಪ.

ಮೊಂಡು ತುದಿಯ ಕೊಳವೆ, ಒಮ್ಮೆಗೆ ಅತ್ಯಲ್ಪ ಕೊಬ್ಬು, ಒತ್ತಡವಿಲ್ಲದ ನಿಧಾನ: ಅಪಾಯ ತಗ್ಗಿಸುವ ಈ ಶಿಸ್ತು ತರಬೇತಿಯಿಂದ ಬರುವಂಥದ್ದು. ಕರ್ನಾಟಕದ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮದಂತೆ ಚಿಕಿತ್ಸಾಲಯಗಳ ನೋಂದಣಿ ಕಡ್ಡಾಯ. ಆದರೆ ಹಾವೇರಿ ಜಿಲ್ಲೆಯ ಅಬಲೂರಿನಿಂದ ನಗರಕ್ಕೆ ಬರುವ ಯುವತಿಗೆ, ಫಲಕದ ಮೇಲಿನ ನೋಂದಣಿ ಸಂಖ್ಯೆಯಿಂದ ಒಳಗಿರುವವರ ಪರಿಣತಿ ತಿಳಿಯದು. ಶಸ್ತ್ರವೈದ್ಯರ ವಿದ್ಯಾರ್ಹತೆ, ಅರಿವಳಿಕೆ ತಜ್ಞರ ಲಭ್ಯತೆ, ತುರ್ತು ನಿಗಾ ಘಟಕ, ದೃಷ್ಟಿನಾಶದ ಸಾಧ್ಯತೆ ಇವೆಲ್ಲ ಆಕೆ ಸಹಿ ಹಾಕುವ ಒಪ್ಪಿಗೆ ಪತ್ರದಲ್ಲಿ ಕನ್ನಡದಲ್ಲೇ ಇರುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಬೇಕು. ಓದಲಾಗದ ಪತ್ರಕ್ಕೆ ಹಾಕಿದ ಸಹಿ ಒಪ್ಪಿಗೆಯಾಗದು.