ರಸ್ತೆ ಬದಲಾಗಲಿ, ರಸ್ತೆಯ ಜನರಿಗೂ ಲೆಕ್ಕವಿರಲಿ

ನಗರವೊಂದು ಬೆಳೆಯುತ್ತಿದೆ ಎನ್ನುವುದಕ್ಕೆ ನಾವು ಸಾಮಾನ್ಯವಾಗಿ ಅದರ ಕಟ್ಟಡಗಳನ್ನು ಸಾಕ್ಷಿಯಾಗಿ ತೋರಿಸುತ್ತೇವೆ. ಆದರೆ ಆ ಕಟ್ಟಡಗಳ ನೆರಳಲ್ಲಿ ಅನ್ನ ಸಂಪಾದಿಸುತ್ತಿದ್ದವರು ಎಲ್ಲಿ ಹೋದರು ಎಂದು ಕೇಳುವವರು ವಿರಳ.

ಬೆಂಗಳೂರಿನ ಮಹಾತ್ಮಾ ಗಾಂಧಿ ರಸ್ತೆಯನ್ನೇ ನೋಡಿ. ಬ್ರಿಟಿಷ್ ದಂಡಿನ ಕವಾಯತು ಮೈದಾನದ ಅಂಚಿನಲ್ಲಿದ್ದ ಈ ಸೌತ್ ಪೆರೇಡ್‌ಗೆ ಗಾಂಧೀಜಿಯವರ ಹೆಸರು ಬಂದದ್ದು 1948ರಲ್ಲಿ. 1936ರಲ್ಲಿ ಅಲ್ಲಿ ತಲೆಯೆತ್ತಿದ ಪ್ಲಾಜಾ ಚಿತ್ರಮಂದಿರ ಇಂದಿಲ್ಲ. ಆ ಜಾಗದಲ್ಲಿ ಮೆಟ್ರೋ ನಿಲ್ದಾಣವಿದೆ. ರಸ್ತೆಯ ಒಂದು ಮಗ್ಗುಲಲ್ಲಿ ಸಾಲುಮರಗಳ ಕೆಳಗಿದ್ದ ಕಾಲುದಾರಿಯೂ ಕಾಮಗಾರಿಗೆ ಬಲಿಯಾಯಿತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಇಲ್ಲಿಗೆ ಮೊದಲ ರೈಲು ಓಡಿತು. ಅದರಿಂದ ದುಡಿಯುವ ಜನರಿಗೆ ಅನುಕೂಲವಾಗಿದೆ ಎಂಬುದರಲ್ಲಿ ಸಂಶಯವಿಲ್ಲ. ಆದ್ದರಿಂದ ಬದಲಾವಣೆಯೇ ತಪ್ಪೆನ್ನುವುದು ನ್ಯಾಯವಲ್ಲ.

ಆದರೆ ಅದೇ ರಸ್ತೆಯ ಕಾಫಿ ಹೌಸ್‌ನ ಕತೆ ಬೇರೊಂದು ಪಾಠ ಹೇಳುತ್ತದೆ. ಕಾಫಿ ಮಂಡಳಿಯು ತನ್ನ ಕಾಫಿ ಹೌಸ್‌ಗಳನ್ನು ಮುಚ್ಚತೊಡಗಿದಾಗ ಬೀದಿಗೆ ಬಿದ್ದ ನೌಕರರು, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್‌ರ ಬೆಂಬಲದೊಂದಿಗೆ 1957ರಲ್ಲಿ ಬೆಂಗಳೂರಿನಲ್ಲಿ ತಮ್ಮದೇ ಸಹಕಾರ ಸಂಘ ಕಟ್ಟಿದರು. ವಿದ್ಯಾರ್ಥಿಯೂ ವಕೀಲನೂ ಅಕ್ಕಪಕ್ಕ ಕುಳಿತು ಅಗ್ಗದ ಕಾಫಿ ಕುಡಿಯಬಹುದಾದ ತಾಣ ಅದಾಗಿತ್ತು. ಕಟ್ಟಡ ಮಾತ್ರ ಅವರದಾಗಿರಲಿಲ್ಲ. 2009ರಲ್ಲಿ ಅವರು ಅದನ್ನು ತೆರವುಗೊಳಿಸಬೇಕಾಯಿತು. ಆದರೂ ಪಕ್ಕದ ಚರ್ಚ್ ಸ್ಟ್ರೀಟ್‌ನಲ್ಲಿ ಅವರು ಮತ್ತೆ ಬಾಗಿಲು ತೆರೆದರು. ಕಟ್ಟಡ ಕೈತಪ್ಪಿದರೂ ಸಂಘ ಕೈಬಿಡಲಿಲ್ಲ.

ಸಂಘಟನೆಯಿಲ್ಲದ ಬಾಡಿಗೆ ಅಂಗಡಿಯವನ ಗತಿಯೇನು? ತಳ್ಳುಗಾಡಿಯ ಹಣ್ಣಿನ ವ್ಯಾಪಾರಿ ಎಲ್ಲಿಗೆ ಹೋಗಬೇಕು? ಇದು ನಮ್ಮ ಸಮುದಾಯಕ್ಕೆ ದೂರದ ಪ್ರಶ್ನೆಯಲ್ಲ. ಮುಸ್ಲಿಮ್ ಪುರುಷ ದುಡಿಮೆಗಾರರಲ್ಲಿ ಶೇ. 12ರಷ್ಟು ಮಂದಿ ಬೀದಿ ವ್ಯಾಪಾರದಲ್ಲಿದ್ದಾರೆಂದೂ ರಾಷ್ಟ್ರೀಯ ಸರಾಸರಿ ಶೇ. 8ಕ್ಕಿಂತ ಕಡಿಮೆಯೆಂದೂ 2006ರ ಸಾಚಾರ್ ವರದಿ ದಾಖಲಿಸಿತ್ತು. ಊರಿನ ರಸ್ತೆ ಅಗಲವಾಗುವಾಗ ಮೊದಲು ಅಲುಗಾಡುವುದು ಇಂತಹವರ ಒಲೆ.

ಕಾನೂನು ಇವರನ್ನು ಪೂರ್ಣವಾಗಿ ಮರೆತಿಲ್ಲ. ಭೂಸ್ವಾಧೀನಕ್ಕೆ ಮುನ್ನ ಮೂರು ವರ್ಷಗಳಿಂದ ಅಲ್ಲಿನ ದುಡಿಮೆಯನ್ನೇ ಮುಖ್ಯವಾಗಿ ನಂಬಿ, ಅದನ್ನು ಕಳಕೊಳ್ಳುವ ಕುಟುಂಬವನ್ನು, ಅದಕ್ಕೆ ಜಮೀನು ಇಲ್ಲದಿದ್ದರೂ, 2013ರ ಭೂಸ್ವಾಧೀನ ಕಾಯ್ದೆಯು ಬಾಧಿತ ಕುಟುಂಬವೆಂದು ಪರಿಗಣಿಸುತ್ತದೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಸಮೀಕ್ಷೆ ಮುಗಿದು ಪ್ರಮಾಣಪತ್ರ ನೀಡುವ ತನಕ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲ. ಪ್ರಮಾಣಪತ್ರ ಹೊಂದಿದವರನ್ನು ಸ್ಥಳಾಂತರಿಸುವುದಾದರೂ 30 ದಿನಗಳ ನೋಟಿಸು ನೀಡಬೇಕು. ಪಟ್ಟಣ ವ್ಯಾಪಾರ ಸಮಿತಿಯ ಸದಸ್ಯರಲ್ಲಿ ಕನಿಷ್ಠ ಶೇ. 40ರಷ್ಟು ಮಂದಿ ವ್ಯಾಪಾರಿಗಳ ಪ್ರತಿನಿಧಿಗಳಾಗಿರಬೇಕು. ಆ ಪ್ರತಿನಿಧಿಗಳಲ್ಲಿ ಮೂರನೇ ಒಂದು ಪಾಲು ಮಹಿಳೆಯರಿರಬೇಕು.

ಕಾಗದದಲ್ಲಿರುವ ಹಕ್ಕು ತಾನಾಗಿ ಮನೆಬಾಗಿಲಿಗೆ ಬರುವುದಿಲ್ಲ. ನಮ್ಮ ಮೊಹಲ್ಲಾದ ಎಷ್ಟು ಮಂದಿ ವ್ಯಾಪಾರಿಗಳ ಹೆಸರು ಸಮೀಕ್ಷೆಯಲ್ಲಿದೆ? ಬಾಡಿಗೆ ಕರಾರು, ರಶೀದಿ, ಪರವಾನಗಿಗಳು ಎಷ್ಟು ಅಂಗಡಿಗಳಲ್ಲಿ ಜೋಪಾನವಾಗಿವೆ? ಸಭೆ, ಸಮ್ಮೇಳನಗಳಿಗೆ ಶಕ್ತಿ ವ್ಯಯಿಸುವ ಸಂಘಟನೆಗಳು ಈ ಕೆಲಸಕ್ಕೆ ಒಂದು ದಿನ ಮೀಸಲಿಡಲಾರವೇ? ಓದುಬರಹ ಬಲ್ಲ ನಾಲ್ವರು ಯುವಕರು ದಾಖಲೆಗಳನ್ನು ಸರಿಪಡಿಸಿಕೊಟ್ಟರೆ ಸಾಕು, ಜೆಸಿಬಿ ಬಂದು ನಿಲ್ಲುವ ದಿನ ನಾವು ಬರಿಗೈಯಲ್ಲಿ ನಿಲ್ಲಬೇಕಾಗಿಲ್ಲ.