ವಿಮಾನ ಬಿದ್ದದ್ದು ಮಾಮನ ತಪ್ಪಿನಿಂದ ಅಲ್ಲ



ಕಳೆದ ತಿಂಗಳ ಗೋಡೆ ಪತ್ರಿಕೆಯಲ್ಲಿ ‘ನಮ್ಮ ಮೈದಾನದಲ್ಲಿ ವಿಮಾನ ಬೇಕೆ?’ ಎಂದು ನಮ್ಮ ತರಗತಿಯವರೇ ಒಬ್ಬರು ಬರೆದಿದ್ದರು. ಸಂಕ್ರಾಂತಿ ರಜೆ ಮುಗಿದ ಮೇಲೆ ನನ್ನ ಮಾಮ ತಂದಿದ್ದ ರಿಮೋಟ್ ಜೆಟ್ ವಿಮಾನ ಬಿದ್ದದ್ದಕ್ಕೆ ಅವರು ಮೂರು ಕಾರಣ ಕೊಟ್ಟಿದ್ದರು. ಗಾಳಿ ಜಾಸ್ತಿ ಇತ್ತು, ಸಾಮಾನು ಅಗ್ಗದ್ದು, ಮಾಮನಿಗೆ ಹಾರಿಸೋಕೆ ಬರಲ್ಲ. ಎಲ್ಲರೂ ಓದಿ ಹೌದು ಹೌದು ಅಂದರು. ನಾನೂ ಪಕ್ಕದಲ್ಲೇ ನಿಂತಿದ್ದೆ, ಏನೂ ಹೇಳಲಿಲ್ಲ. ಆ ಮೂರೂ ಕಾರಣ ತಪ್ಪು ಎಂಬುದು ನನ್ನ ಅಭಿಪ್ರಾಯ. ಅಭಿಪ್ರಾಯ ಅಂತ ಯಾಕೆ, ನನಗೆ ಗೊತ್ತು.

ಮೊದಲು ವಿಮಾನದ ವಿಷಯ. ಆ ಲೇಖನದ ಪಕ್ಕ ಬಿಡಿಸಿದ್ದ ಚಿತ್ರದಲ್ಲಿ ಮೂತಿಗೆ ರೆಕ್ಕೆ ಫ್ಯಾನು ಇದೆ. ಚಿತ್ರ ಚೆನ್ನಾಗಿದೆ, ಆದರೆ ನಮ್ಮ ವಿಮಾನ ಹಾಗಿರಲಿಲ್ಲ. ಅದರ ಫ್ಯಾನು ಹೊಟ್ಟೆಯೊಳಗೆ ಒಂದು ಕೊಳವೆಯಲ್ಲಿತ್ತು. 64 ಮಿಲಿಮೀಟರ್ ಅಗಲ, ಅಂದರೆ ನಮ್ಮ ಅಡಿಗೆಮನೆಯ ಲೋಟದ ಬಾಯಿಯಷ್ಟು. ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತೆ. ಮುಂದಿನಿಂದ ಗಾಳಿ ಎಳೆದು ಹಿಂದಕ್ಕೆ ಜೋರಾಗಿ ತಳ್ಳುತ್ತೆ, ವಿಮಾನ ಮುಂದಕ್ಕೆ ಹೋಗುತ್ತೆ. ಬ್ಯಾಟರಿಯಿಂದ ನಡೆಯುತ್ತೆ. ಸೀಮೆಎಣ್ಣೆ ಕುಡಿಯುವ ನಿಜವಾದ ಪುಟ್ಟ ಜೆಟ್ ಎಂಜಿನ್ನುಗಳೂ ಇವೆಯಂತೆ, ಅವು ನಿಮಿಷಕ್ಕೆ ಒಂದು ಲಕ್ಷಕ್ಕೂ ಮೇಲೆ ಸುತ್ತುತ್ತವೆ. ಅವುಗಳ ಬೆಲೆ ಕೇಳಿದರೆ ನಮ್ಮಪ್ಪ ಎದ್ದು ಹೊಲಕ್ಕೆ ಹೋಗಿಬಿಡ್ತಾರೆ.

ಮಾಮ ಪೀಣ್ಯದಲ್ಲಿ ಲೇತ್ ಕೆಲಸ ಮಾಡುತ್ತಾರೆ. ಈ ವಿಮಾನವನ್ನು ಯಾರೋ ಬಳಸಿದ್ದನ್ನು ಕೊಂಡು, ಮುರಿದ ರೆಕ್ಕೆ ತಾವೇ ಅಂಟಿಸಿ, ಎರಡು ವರ್ಷದಿಂದ ಹಾರಿಸುತ್ತಿದ್ದಾರೆ. ಹಾರಿಸೋಕೆ ಬರಲ್ಲ ಅನ್ನುವವರು ಇದನ್ನು ಗಮನಿಸಬೇಕು. ಗಾಳಿಯೂ ಆವತ್ತು ಜಾಸ್ತಿ ಇರಲಿಲ್ಲ. ಮಾಮ ಒಂದು ಹಿಡಿ ಒಣ ಹುಲ್ಲು ತೂರಿ ನೋಡಿದ್ದನ್ನು ನೀವೆಲ್ಲ ನೋಡಿ ನಕ್ಕಿರಿ. ನಮ್ಮ ತಾತ ರಾಗಿ ತೂರುವಾಗ ಗಾಳಿ ನೋಡುವುದೂ ಹಾಗೇ ಅಲ್ಲವೆ? ಗಾಳಿ ಯಾವ ಕಡೆಯಿಂದ ಬರುತ್ತೋ ಆ ಕಡೆಗೇ ಮೂತಿ ಮಾಡಿ ವಿಮಾನ ಬಿಡಬೇಕು. ಆಗ ರೆಕ್ಕೆಗೆ ಬೇಗ ಎತ್ತುವ ಬಲ ಸಿಗುತ್ತೆ.

ಹಿಂದಿನ ದಿನ ಸಂಜೆ ನಮ್ಮ ಮನೆ ಜಗುಲಿಯ ಮೇಲೆ ಮಾಮ ವಿಮಾನವನ್ನು ತೂಗಿ ನೋಡಿದರು. ತಕ್ಕಡಿಯಲ್ಲಿ ಅಲ್ಲ. ಎರಡು ಪೆನ್ಸಿಲ್ಲಿನ ರಬ್ಬರ್ ತುದಿ ಮೇಲೆ ರೆಕ್ಕೆ ಇಟ್ಟು, ಮೂತಿ ಬೀಳುತ್ತಾ ಬಾಲ ಬೀಳುತ್ತಾ ಅಂತ. ರೆಕ್ಕೆಯ ಬುಡದಲ್ಲಿ ಮುಂದಿನ ಅಂಚಿನಿಂದ 60 ಮಿ.ಮೀ. ಹಿಂದೆ ಹಿಡಿದಾಗ ಸಮನಾಗಿ ನಿಲ್ಲಬೇಕು. ಐದು ಮಿ.ಮೀ. ಆಚೆ ಈಚೆ ಆದರೆ ನಡೆಯುತ್ತೆ, ಅದಕ್ಕಿಂತ ಹಿಂದೆ ಹೋಗಬಾರದು. ನನಗೆ ಅರ್ಥ ಆಗಲಿಲ್ಲ ಅಂದಾಗ ಮಾಮ, “ಗಾಡಿಗೆ ಹುಲ್ಲು ಹೇರೋದು ನೋಡಿದ್ದೀಯಲ್ಲ ಮಗಾ, ಹಿಂಭಾರ ಆದ್ರೆ ಏನಾಗುತ್ತೆ?” ಎಂದು ಕೇಳಿದರು. ಅದು ನನಗೆ ಗೊತ್ತು. ಮೂಕಿ ಮೇಲಕ್ಕೆ ಏಳುತ್ತೆ, ಎತ್ತುಗಳ ಕೊರಳಿಗೆ ಕಣ್ಣಿ ಬಿಗಿಯುತ್ತೆ. ಮುಂಭಾರ ಆದರೆ ಎತ್ತಿಗೆ ಹೆಗಲು ನೋವು, ಆದರೂ ಗಾಡಿ ಮನೆ ಸೇರುತ್ತೆ. ವಿಮಾನದಲ್ಲೂ ಹಾಗೇ. ಸ್ವಲ್ಪ ಮುಂಭಾರ ಆದರೆ ಸಂಭಾಳಿಸಬಹುದು, ಹಿಂಭಾರ ಆದರೆ ಕಷ್ಟ.

ಭಾರ ಸರಿ ಮಾಡುವುದು ಮುಖ್ಯವಾಗಿ ಬ್ಯಾಟರಿಯಿಂದ. ಅದೇ ಎಲ್ಲಕ್ಕಿಂತ ಭಾರದ ಸಾಮಾನು, 240 ಗ್ರಾಂ. ಮುಂದೆ ಸರಿಸಿದರೆ ಮೂತಿ ಭಾರ, ಹಿಂದೆ ಸರಿಸಿದರೆ ಬಾಲ ಭಾರ. ಸಮ ಆದ ಜಾಗದಲ್ಲಿ ಮಾಮ ಸ್ಕೆಚ್ ಪೆನ್ನಿನಿಂದ ಒಂದು ಕೆಂಪು ಗೀಟು ಎಳೆದರು.

ಮಾರನೇ ದಿನ ಮೈದಾನದಲ್ಲಿ ಹೆಡ್‌ಮೇಷ್ಟ್ರು ಮಾಮನ ಜೊತೆ ಮಾತಾಡುತ್ತಿದ್ದರು. ಮಾಮ ನನ್ನ ಕೈಗೆ ಬ್ಯಾಟರಿ ಕೊಟ್ಟು, “ಗೀಟಿಗೆ ಸರಿಯಾಗಿ ಇಟ್ಟು ಪಟ್ಟಿ ಬಿಗಿ” ಅಂದರು. ಕೈಯಲ್ಲಿ ಹಿಡಿಯೋ ರಿಮೋಟು ಮೊದಲು ಆನ್ ಮಾಡಬೇಕು, ಆಮೇಲೆ ವಿಮಾನದ ಬ್ಯಾಟರಿ ಸಿಕ್ಕಿಸಬೇಕು, ಬಿಚ್ಚುವಾಗ ಇದಕ್ಕೆ ಉಲ್ಟಾ. ಅದನ್ನೆಲ್ಲ ಸರಿಯಾಗೇ ಮಾಡಿದೆ. ಆದರೆ ವೈರು ಮುಂದುಗಡೆ ಮಡಚಿಕೊಂಡು ಮೇಲಿನ ಮುಚ್ಚಳ ಕೂರಲೇ ಇಲ್ಲ. ಒತ್ತಿದೆ, ಕೂರಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದಿರಿ. ಮುಚ್ಚಳ ಹಾಕೋಕೂ ಬರಲ್ಲ ಅಂತ ಯಾರೋ ಹುಡುಗರು ಅಂದರು. ನಾನು ಬ್ಯಾಟರಿಯನ್ನು ಎರಡು ಬೆರಳಗಲ ಹಿಂದಕ್ಕೆ ತಳ್ಳಿ ಪಟ್ಟಿ ಬಿಗಿದೆ. ಮುಚ್ಚಳ ಟಕ್ಕಂತ ಕೂತಿತು. ಮಾಮ “ಸರಿಯಾಯ್ತಾ?” ಅಂದರು. ನಾನು “ಸರಿ ಮಾಮ” ಅಂದೆ.

ಆಮೇಲೆ ನಾನು ಲೆಕ್ಕ ಮಾಡಿ ನೋಡಿದೆ, ಗಣಿತದ ಮೇಷ್ಟ್ರು ಬೇಕಾದರೆ ತಿದ್ದಲಿ. ಬ್ಯಾಟರಿ 240 ಗ್ರಾಂ, ಸರಿದದ್ದು 3 ಸೆಂ.ಮೀ. ಗುಣಿಸಿದರೆ 720. ಇಡೀ ವಿಮಾನ ಬ್ಯಾಟರಿ ಸೇರಿ ಒಂದು ಕೆ.ಜಿ., ಅಂದರೆ 1000 ಗ್ರಾಂ. 720ನ್ನು 1000ದಿಂದ ಭಾಗಿಸಿದರೆ 0.72 ಸೆಂ.ಮೀ. ಅಂದರೆ ಭಾರದ ಕೇಂದ್ರ 7 ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಹಿಂದೆ ಹೋಯಿತು. ನಡೆಯುತ್ತಿದ್ದದ್ದು ಐದು.

ಮಾಮ ಬಿಡುವ ಮೊದಲು ಬಾಲದ ರೆಕ್ಕೆ ಮೇಲೆ ಕೆಳಗೆ, ದೊಡ್ಡ ರೆಕ್ಕೆಯ ಪಟ್ಟಿಗಳು ಎಡ ಬಲ ಎಲ್ಲ ಆಡಿಸಿ ನೋಡಿದರು. ರಿಮೋಟಿನ ಕಡ್ಡಿ ಬಲಕ್ಕೆ ತಳ್ಳಿದರೆ ಬಲರೆಕ್ಕೆಯ ಪಟ್ಟಿ ಮೇಲೇಳಬೇಕು, ಎದ್ದಿತು. ಎಲ್ಲ ಸರಿ ಇತ್ತು. ಆದರೆ ಇದರಲ್ಲಿ ಹಿಂಭಾರ ಗೊತ್ತಾಗುವುದಿಲ್ಲ. ಹಸು ಕಿವಿ ಆಡಿಸ್ತಿದೆ ಅಂತ ಹಾಲು ಕೊಡುತ್ತೆ ಅನ್ನೋಕಾಗುತ್ತಾ?

ನಮ್ಮ ಅಣ್ಣ ಎಸೆದ. ಚೆನ್ನಾಗೇ ಎಸೆದ, ಅವನದೂ ತಪ್ಪಿಲ್ಲ. ವಿಮಾನದ ಮೂತಿ ಹೆಡೆ ಎತ್ತಿದ ಹಾಗೆ ಮೇಲಕ್ಕೆ ಮೇಲಕ್ಕೆ ಎದ್ದಿತು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಮಾಮ ಮೂತಿ ಇಳಿಸಲು ಕಡ್ಡಿಯನ್ನು ಪೂರ್ತಿ ತಳ್ಳಿದ್ದರು, ನಾನು ಪಕ್ಕದಲ್ಲೇ ಇದ್ದೆ, ಅವರ ಹೆಬ್ಬೆರಳು ನಡುಗುತ್ತಿತ್ತು. ಮೂತಿಯಲ್ಲಿ ಫ್ಯಾನಿರುವ ವಿಮಾನದಲ್ಲಿ ಆ ಫ್ಯಾನಿನ ಗಾಳಿ ಬಾಲದ ಮೇಲೆ ಬೀಸುತ್ತೆ, ವೇಗ ಕಡಿಮೆ ಇದ್ದರೂ ಬಾಲ ಮಾತು ಕೇಳುತ್ತೆ. ಜೆಟ್‌ನಲ್ಲಿ ಗಾಳಿ ಕೊಳವೆಯೊಳಗೇ ಹೋಗಿಬಿಡುತ್ತೆ. ವೇಗ ಇಲ್ಲದಿದ್ದರೆ ಬಾಲಕ್ಕೆ ಬಲ ಇಲ್ಲ. ವಿಮಾನ ಒಂದು ಗಳಿಗೆ ಆಕಾಶದಲ್ಲಿ ನಿಂತ ಹಾಗಾಯಿತು, ಎಡರೆಕ್ಕೆ ವಾಲಿತು, ಬಿತ್ತು. ಎಲ್ಲ ಸೇರಿ ನಾಲ್ಕು ಸೆಕೆಂಡು ಇರಬಹುದು.

ಬಿದ್ದದ್ದು ಹೊಂಗೆ ಮರದ ನೆರಳಲ್ಲಿ ಕೂತಿದ್ದ ಒಂದನೇ ತರಗತಿ ಮಕ್ಕಳಿಂದ ಹತ್ತು ಹೆಜ್ಜೆ ದೂರ. ಅದರಲ್ಲಿ ನನ್ನ ತಂಗಿಯೂ ಇದ್ದಳು. ಒಂದು ಕೆ.ಜಿ. ಭಾರ ಆ ವೇಗದಲ್ಲಿ ಮಗುವಿನ ತಲೆಗೆ ಬಿದ್ದಿದ್ದರೆ ಅಂತ ರಾತ್ರಿ ಮಲಗಿದಾಗ ಈಗಲೂ ನೆನಪಾಗುತ್ತೆ. ಆದ್ದರಿಂದ ಹೆಡ್‌ಮೇಷ್ಟ್ರು “ಇನ್ನು ಮೈದಾನದಲ್ಲಿ ಇದೆಲ್ಲ ಬೇಡ” ಅಂದದ್ದನ್ನು ನಾನು ತಪ್ಪು ಅನ್ನಲ್ಲ. ಬಿಸಿಲಿದೆ ಅಂತ ಮಕ್ಕಳನ್ನು ನೆರಳಿಗೆ ಕೂರಿಸಿದರು, ಆದರೆ ನೆರಳು ಇದ್ದದ್ದು ವಿಮಾನ ಹಾರುವ ಕಡೆ. ನೋಡುವವರೆಲ್ಲ ಹಾರಿಸುವವರ ಬೆನ್ನ ಹಿಂದೆ ಇರಬೇಕು. ಮಾಮ ಹೇಳಿದ್ದರು, ಗಲಾಟೆಯಲ್ಲಿ ಯಾರೂ ಕೇಳಲಿಲ್ಲ.

ಈಗ ಊರಲ್ಲಿ ಮಾಮನನ್ನು “ಏನಪ್ಪಾ ಪೈಲಟ್ಟು” ಅಂತ ಹಾಸ್ಯ ಮಾಡುತ್ತಾರೆ. ಮೊನ್ನೆ ಅಕ್ಕನ ಮನೆಗೆ ಬಂದವರು ಎರಡನೇ ದಿನಕ್ಕೇ ಬೆಂಗಳೂರಿಗೆ ಹೊರಟರು. ಮೂತಿ ಮುರಿದ ವಿಮಾನ ನಮ್ಮ ಅಟ್ಟದ ಮೇಲಿದೆ. ಊದಿಕೊಂಡ ಬ್ಯಾಟರಿಯನ್ನು ಮರಳು ತುಂಬಿದ ಬಕೆಟ್‌ನಲ್ಲಿಟ್ಟು ಮನೆಯಿಂದ ದೂರ ಇಟ್ಟಿದ್ದರು. ಯಾರಿಗಾದರೂ ಅಂಥ ಬ್ಯಾಟರಿ ಸಿಕ್ಕಿದರೆ ಚುಚ್ಚಬೇಡಿ, ಬೆಂಕಿಗೆ ಹಾಕಬೇಡಿ, ಹೊತ್ತಿಕೊಂಡು ಉರಿಯುತ್ತೆ.

ನನ್ನ ಅಭಿಪ್ರಾಯದಲ್ಲಿ ಮಾಮನ ಕಡೆಯಿಂದ ಕಡಿಮೆಯಾದದ್ದು ಒಂದೇ. ತೂಗಿ ನೋಡಿದ್ದು ಮನೆಯಲ್ಲಿ, ಹಿಂದಿನ ಸಂಜೆ. ಮೈದಾನದಲ್ಲಿ, ಮುಚ್ಚಳ ಹಾಕಿದ ಮೇಲೆ, ಎಸೆಯುವ ಮುಂಚೆ ಇನ್ನೊಮ್ಮೆ ಎರಡು ಬೆರಳ ಮೇಲೆ ಎತ್ತಿ ನೋಡಿದ್ದರೆ ನನ್ನ ‘ಸರಿ ಮಾಮ’ ಅಲ್ಲೇ ಗೊತ್ತಾಗುತ್ತಿತ್ತು. ಆದರೆ ಅವರು ನನ್ನನ್ನು ನಂಬಿದರು.

ರಸಪ್ರಶ್ನೆಯಲ್ಲಿ ನಾವೆಲ್ಲ ಕೂಗಿ ಹೇಳುತ್ತೇವೆ, ರೈಟ್ ಸಹೋದರರು, 1903 ಡಿಸೆಂಬರ್ 17. ಅವರ ಮೊದಲ ಹಾರಾಟ 12 ಸೆಕೆಂಡು. ಆದರೆ ಅದಕ್ಕೆ ಮುಂಚೆ 1900, 1901, 1902 ಮೂರು ವರ್ಷವೂ ಅವರು ಎಂಜಿನ್ ಇಲ್ಲದ ಗ್ಲೈಡರ್ ಹಾರಿಸಿ ಕಲಿತರು ಎಂಬುದನ್ನು ನಮಗೆ ಯಾರೂ ಕೇಳುವುದಿಲ್ಲ. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ತಯಾರಾದ ‘ಮಾರುತ್’ ಜೆಟ್ 1961ರ ಜೂನ್ 17ರಂದು ಮೊದಲು ಹಾರಿತು. ಅದಕ್ಕೂ ಮುಂಚೆ 1959ರಲ್ಲಿ ಅದೇ ಆಕಾರದ, ಅದೇ ಅಳತೆಯ, ಎಂಜಿನ್ ಇಲ್ಲದ ಮರದ ಗ್ಲೈಡರ್ ಮಾಡಿ, ಡಕೋಟಾ ವಿಮಾನದಿಂದ ಎಳೆಸಿ ಹಾರಿಸಿ ನೋಡಿದ್ದರು. ಅಷ್ಟು ದೊಡ್ಡವರೇ ಹಾಗೆ ಮಾಡಿರುವಾಗ ನಾವು ಒಮ್ಮೆಲೇ ಜೆಟ್ಟಿಗೆ ಕೈ ಹಾಕಿದ್ದು ಅವಸರ. ಆದರೆ ಪೂರ್ತಿ ಬಿಟ್ಟುಬಿಡುವುದೂ ಸರಿಯಲ್ಲ.

ಆದ್ದರಿಂದ ಹೆಡ್‌ಮೇಷ್ಟ್ರಲ್ಲಿ ನನ್ನ ವಿನಂತಿ. ಜೆಟ್ ಈ ವರ್ಷ ಬೇಡ. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ಥರ್ಮೋಕೋಲ್ ಗ್ಲೈಡರ್ ಹಾರಿಸಲು ಮೈದಾನ ಕೊಡಿ. ಟಿ.ವಿ. ಡಬ್ಬದ ಥರ್ಮೋಕೋಲು, ಅಂಟು, ಮೂತಿಗೆ ಭಾರಕ್ಕೆ ಒಂದು ರೂಪಾಯಿ ನಾಣ್ಯ, ಇಷ್ಟು ಸಾಕು. ನಾಣ್ಯವನ್ನು ಹಿಂದೆ ಮುಂದೆ ಅಂಟಿಸಿ ಏನಾಗುತ್ತೆ ಅಂತ ನಾವೇ ನೋಡಿ ಬರೆದಿಡುತ್ತೇವೆ. ಬಿದ್ದರೂ ಯಾರಿಗೂ ಪೆಟ್ಟಾಗಲ್ಲ. ಎಲ್ಲರೂ ಎಸೆಯುವವರ ಹಿಂದೆ ನಿಲ್ಲುತ್ತೇವೆ, ಒಂದನೇ ತರಗತಿಯವರನ್ನು ನಾನೇ ನಿಲ್ಲಿಸುತ್ತೇನೆ.

ಕಳೆದ ತಿಂಗಳು ಬರೆದವರು ಮುಂದಿನ ಸಂಚಿಕೆಯಲ್ಲಿ ಮಾಮನ ಬಗ್ಗೆ ಬರೆದ ಸಾಲನ್ನು ತಿದ್ದಿ ಹಾಕಬೇಕು. ಅಲ್ಲಿ ನನ್ನ ಹೆಸರು ಬರೆದರೂ ಬೇಜಾರಿಲ್ಲ. ಮಾಮನಿಗೆ ನಾನು ಇನ್ನೂ ಹೇಳಿಲ್ಲ. ಅಮ್ಮನಿಗೆ ನಿನ್ನೆ ರಾತ್ರಿ ಹೇಳಿದೆ. ಭಾನುವಾರ ಮಾಮ ಫೋನ್ ಮಾಡುತ್ತಾರೆ, ಆಗ ಮೊದಲು ನನ್ನ ಕೈಗೇ ಕೊಡುತ್ತೇನೆ ಅಂದಿದ್ದಾರೆ.

ಇಂತಿ,
ಏಳನೇ ತರಗತಿಯ ವಿದ್ಯಾರ್ಥಿನಿ